ದ್ವಿಚಕ್ರ ವಾಹನವೂ ರಾಜ್ಯದ ಗಡಿಯೂ

ಉದ್ಯೋಗಕ್ಕೆಂದು ಊರು ಬಿಟ್ಟು ಮುಂಬಯಿಗೋ ಪುಣೆಗೋ ಬರುವ ನಮ್ಮ ತರುಣರು ಹಾಸಿಗೆ, ಪಾತ್ರೆ, ಪುಸ್ತಕಗಳೊಡನೆ ತಮ್ಮ ಮೋಟಾರ್ ಸೈಕಲನ್ನೂ ರೈಲಿಗೆ ಹಾಕಿ ತರುವುದುಂಟು. ಭಾಷೆ, ಊಟಗಳ ಬದಲಾವಣೆಗೆ ಅವರು ಸಿದ್ಧರಾಗಿಯೇ ಬಂದಿರುತ್ತಾರೆ. ವಾಹನದ ಫಲಕದ ಮೇಲಿನ 'ಕೆಎ' ಎಂಬ ಎರಡು ಅಕ್ಷರಗಳಿಗೆ ಇಲ್ಲಿ ಬೇರೆ ಲೆಕ್ಕವಿದೆ ಎಂಬುದು ಮಾತ್ರ ಮೊದಲನೆಯ ನಾಕಾಬಂದಿಯಲ್ಲಿ ತಿಳಿಯುತ್ತದೆ. ದೇಶಕ್ಕೆಲ್ಲ ಒಂದೇ ಮೋಟಾರು ವಾಹನ ಕಾಯಿದೆ ಇರುವಾಗ ರಾಜ್ಯಕ್ಕೊಂದು ತೆರಿಗೆ, ರಾಜ್ಯಕ್ಕೊಂದು ದಂಡ ಏಕೆ? ಇದಕ್ಕೆ ಉತ್ತರವನ್ನು ನಾವು ಇತಿಹಾಸದಲ್ಲಿ ಹುಡುಕಬೇಕು.

ಬ್ರಿಟಿಷ್ ಇಂಡಿಯಾಕ್ಕೆಲ್ಲ ಅನ್ವಯಿಸುವ ಮೊದಲ ಮೋಟಾರು ವಾಹನ ಕಾಯಿದೆ ಬಂದುದು 1914ರಲ್ಲಿ. ಅದಕ್ಕೆ ಮುನ್ನ ಪ್ರಾಂತಗಳು ತಮ್ಮ ತಮ್ಮ ಕಾಯಿದೆಗಳಿಂದಲೇ ಕೆಲಸ ಸಾಗಿಸುತ್ತಿದ್ದವು. ಚಾಲಕನಿಗೆ ಲೈಸೆನ್ಸು, ವಾಹನಕ್ಕೆ ನೋಂದಣಿ ಎಂಬ ಮೂಲ ತತ್ವಗಳನ್ನು ಹಾಕಿಕೊಟ್ಟ ಆ ಕಾಯಿದೆ, ವಿವರದ ನಿಯಮಗಳನ್ನು ಮಾಡುವ ಅಧಿಕಾರವನ್ನು ಪ್ರಾಂತ ಸರಕಾರಗಳಿಗೆ ಬಿಟ್ಟಿತು. 1939ರ ಕಾಯಿದೆ ಅದಕ್ಕಿಂತ ಎಷ್ಟೋ ವಿಸ್ತಾರವಾದದ್ದು; ಆದರೂ ಈ ಏರ್ಪಾಡನ್ನು ಮುಂದುವರಿಸಿತು.

ಆಗ ಕನ್ನಡ ನಾಡೇ ಹಂಚಿಹೋಗಿದ್ದಿತು. ಸ್ವಾತಂತ್ರ್ಯ ಬಂದ ಕಾಲಕ್ಕೆ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರಗಳು ಮುಂಬಯಿ ಪ್ರಾಂತದಲ್ಲಿ, ಮಂಗಳೂರು, ಬಳ್ಳಾರಿಗಳು ಮದರಾಸು ಪ್ರಾಂತದಲ್ಲಿ, ಬೀದರ, ಕಲಬುರ್ಗಿ, ರಾಯಚೂರುಗಳು ನಿಜಾಮರ ಆಡಳಿತದಲ್ಲಿ, ಉಳಿದ ದೊಡ್ಡ ಭಾಗ ಮೈಸೂರು ಸಂಸ್ಥಾನದಲ್ಲಿ. ಅಂದರೆ ವಾಹನದ ಮೇಲೆ ಪರ ಸರಕಾರದ ಗುರುತು ಹೊತ್ತು ತಿರುಗುವುದು ಕನ್ನಡಿಗನಿಗೆ ಹೊಸದಲ್ಲ. ಹುಬ್ಬಳ್ಳಿಯಲ್ಲಿ ಮನೆಯಿದ್ದರೂ ಅವನ ಗಾಡಿ ಮುಂಬಯಿ ಪ್ರಾಂತದ್ದೇ. 1956ರ ನವೆಂಬರ್ 1ರಂದು ನಾಡು ಒಂದಾಯಿತು. ಮರುವರ್ಷವೇ, 1957ರಲ್ಲಿ, ಹೊಸ ರಾಜ್ಯ ತನ್ನದೇ ಮೋಟಾರು ವಾಹನ ತೆರಿಗೆ ಕಾಯಿದೆ ಮಾಡಿಕೊಂಡಿತು. ಮುಂಬಯಿಯದು 1958ರದು, ದಿಲ್ಲಿಯದು 1962ರದು, ತಮಿಳುನಾಡಿನದು 1974ರದು.

ಹೀಗೆ ಬೇರೆ ಬೇರೆ ತೆರಿಗೆ ಕಾಯಿದೆಗಳಿಗೆ ಎಡೆ ಮಾಡಿಕೊಟ್ಟುದು ನಮ್ಮ ಸಂವಿಧಾನವೇ. ಯಂತ್ರಚಾಲಿತ ವಾಹನಗಳ ವಿಷಯವನ್ನು ಅದು ಸಮವರ್ತಿ ಪಟ್ಟಿಯಲ್ಲಿ ಇಟ್ಟಿತು. ವಾಹನಗಳ ಮೇಲಿನ ತೆರಿಗೆಯನ್ನು ರಾಜ್ಯಪಟ್ಟಿಯಲ್ಲಿ ಇಟ್ಟಿತು. ಕಾಯಿದೆಯನ್ನು ಸಂಸತ್ತು ಮಾಡಬಹುದು, ತೆರಿಗೆಯ ಹಣ ಮಾತ್ರ ರಾಜ್ಯದ ಬೊಕ್ಕಸಕ್ಕೆ. ಇದೊಂದನ್ನು ನೆನಪಿಟ್ಟರೆ ಉಳಿದ ಗೊಂದಲ ಅರ್ಧ ಕಳೆದಂತೆ.

ಇನ್ನು ಶಿರಸ್ತ್ರಾಣದ ಕಥೆ. ಮದರಾಸಿನ ಎನ್‌ಫೀಲ್ಡ್, ಮೈಸೂರಿನ ಐಡಿಯಲ್ ಜಾವಾ ಗಾಡಿಗಳು ಬೀದಿ ಬೀದಿಯಲ್ಲಿ ಓಡಾಡತೊಡಗಿದ ಬಳಿಕ ಸವಾರನ ತಲೆಯ ಚಿಂತೆ ಕಾನೂನಿಗೂ ಬಂದಿತು. 1977ರ ತಿದ್ದುಪಡಿ ಹೆಲ್ಮೆಟ್ಟಿನ ಕಲಮನ್ನು ಹಳೆಯ ಕಾಯಿದೆಗೆ ಸೇರಿಸಿತು. ಹೆಲ್ಮೆಟ್ ಕಡ್ಡಾಯ ಮಾಡಿದ ಆಂಧ್ರಪ್ರದೇಶದ ನಿಯಮದಿಂದ ಸಂಚಾರ ಸ್ವಾತಂತ್ರ್ಯಕ್ಕೆ ಧಕ್ಕೆಯಾಯಿತೆಂಬ ವಾದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 1988ರಲ್ಲಿ ನ್ಯಾಯಾಲಯ ಆ ವಾದವನ್ನು ಒಪ್ಪದೆ ನಿಯಮವನ್ನು ಎತ್ತಿಹಿಡಿಯಿತು.

ಅದೇ ವರ್ಷ ಸಂಸತ್ತು ಅಂಗೀಕರಿಸಿದ ಹೊಸ ಕಾಯಿದೆ 1989ರ ಜುಲೈ 1ರಂದು ಜಾರಿಗೆ ಬಂದಿತು. ಅದರ 129ನೆಯ ಕಲಮು ಹೆಲ್ಮೆಟ್ಟನ್ನು ಕಡ್ಡಾಯ ಮಾಡಿ, ಮುಂಡಾಸು ಧರಿಸಿದ ಸಿಖ್ಖರಿಗೆ ವಿನಾಯಿತಿ ಕೊಟ್ಟಿತು. ಜೊತೆಗೆ, ಬೇರೆ ವಿನಾಯಿತಿಗಳನ್ನು ಕೊಡುವ ಅಧಿಕಾರವನ್ನು ರಾಜ್ಯಗಳಿಗೂ ಬಿಟ್ಟಿತು. ಆ ಬಾಗಿಲಿನಿಂದಲೇ ಭೇದಗಳು ನುಸುಳಿದವು. ದಿಲ್ಲಿಯಲ್ಲಿ ಮಹಿಳೆಯರಿಗೆ ಬಹುಕಾಲ ವಿನಾಯಿತಿಯಿದ್ದು, 2014ರಲ್ಲಿ ಅದು ಸಿಖ್ ಮಹಿಳೆಯರಿಗಷ್ಟೇ ಉಳಿಯಿತು. ತಮಿಳುನಾಡಿನಲ್ಲಿ ಉಚ್ಚ ನ್ಯಾಯಾಲಯದ ಆದೇಶದ ಮೇರೆಗೆ 2015ರ ಜುಲೈಯಿಂದ ಬಿಗಿ ಬಂದಿತು. ಕರ್ನಾಟಕ 2016ರ ಜನವರಿಯಲ್ಲಿ ಹಿಂಬದಿ ಸವಾರರಿಗೂ ಕಡ್ಡಾಯ ಮಾಡಿತು. ಪುಣೆಯಲ್ಲಿ 2019ರ ಜನವರಿಯಲ್ಲಿ ಈ ಕಡ್ಡಾಯದ ವಿರುದ್ಧ ಪಗಡಿ ತೊಟ್ಟು ಮೆರವಣಿಗೆಯೇ ಹೊರಟಿತು!

2019ರ ಸೆಪ್ಟೆಂಬರ್ 1ರಿಂದ ಜಾರಿಯಾದ ತಿದ್ದುಪಡಿಯಲ್ಲಿ ರಾಜ್ಯಗಳ ವಿನಾಯಿತಿಯ ಅಧಿಕಾರ ಹೋಯಿತು. ಸವಾರನಿರಲಿ, ಹಿಂದೆ ಕುಳಿತವರಿರಲಿ, ನಾಲ್ಕು ವರ್ಷ ಮೀರಿದ ಎಲ್ಲರಿಗೂ ಹೆಲ್ಮೆಟ್ ಕಡ್ಡಾಯ. ನೂರು ರೂಪಾಯಿಯ ದಂಡ ಸಾವಿರಕ್ಕೇರಿತು. ಮೂರು ತಿಂಗಳು ಲೈಸೆನ್ಸು ಅನರ್ಹಗೊಳ್ಳುವ ಶಿಕ್ಷೆಯೂ ಸೇರಿತು. ಆದರೆ ಸ್ಥಳದಲ್ಲೇ ರಾಜಿಯಾಗಿ ಕಟ್ಟುವ ಮೊತ್ತವನ್ನು ಗೊತ್ತುಮಾಡುವುದು ರಾಜ್ಯದ ಕೈಯಲ್ಲೇ ಉಳಿಯಿತು. ಅದೇ ತಿಂಗಳಲ್ಲಿ ಗುಜರಾತ, ಕರ್ನಾಟಕಗಳು ಅದನ್ನು ಐನೂರಕ್ಕೆ ಇಳಿಸಿದವು. ಇಳಿದುದು ದಂಡವಷ್ಟೇ, ಕರ್ತವ್ಯವಲ್ಲ; ಈ ಭೇದವನ್ನು ಸವಾರರು ಮರೆಯಬಾರದು.

ಹಾಗಾದರೆ ಹೊರನಾಡಿಗರಾದ ನಾವು ತಿಳಿದಿರಬೇಕಾದುದೇನು? ಲೈಸೆನ್ಸು ಭಾರತದಾದ್ಯಂತ ನಡೆಯುತ್ತದೆ. ನೋಂದಣಿಯೂ ನಡೆಯುತ್ತದೆ, ಆದರೆ ವಾಹನ ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿ ಉಳಿದರೆ 47ನೆಯ ಕಲಮಿನಂತೆ ಅಲ್ಲಿಯ ಹೊಸ ಸಂಖ್ಯೆ ಪಡೆಯಬೇಕು. ಅದಕ್ಕೆ ಮೊದಲು ಊರಿನ ಆರ್.ಟಿ.ಓ. ಕಚೇರಿಯಿಂದ 28ನೆಯ ನಮೂನೆಯಲ್ಲಿ ನಿರಾಕ್ಷೇಪಣಾ ಪತ್ರ ಪಡೆಯಬೇಕು. ಹೊಸ ಸಂಖ್ಯೆಗೆ ಅರ್ಜಿ 27ನೆಯ ನಮೂನೆಯಲ್ಲಿ. ಸಾಲದ ಮೇಲೆ ಕೊಂಡ ಗಾಡಿಯಾದರೆ ಸಾಲ ಕೊಟ್ಟವರ ಒಪ್ಪಿಗೆಯೂ ಬೇಕು. ತೆರಿಗೆಯ ಮಾತು ಬೇರೆ. ಅದರ ಗಡುವು ಆಯಾ ರಾಜ್ಯದ ತೆರಿಗೆ ಕಾಯಿದೆಗೆ ಸೇರಿದ್ದು; ಹನ್ನೆರಡು ತಿಂಗಳ ಅವಧಿ ಅದಕ್ಕೆ ತಾನಾಗಿ ಅನ್ವಯಿಸದು. ಹೊಸ ರಾಜ್ಯದಲ್ಲಿ ತೆರಿಗೆ ಕಟ್ಟಿದ ಮೇಲೆ, ಊರಿನಲ್ಲಿ ಕಟ್ಟಿದ ಆಜೀವ ತೆರಿಗೆಯ ಉಳಿದ ಅವಧಿಯ ಪಾಲನ್ನು ಹಿಂದಕ್ಕೆ ಕೇಳಲು ಮರೆಯಬಾರದು. ಎಷ್ಟೋ ಜನ ಅದನ್ನು ಕೇಳುವುದೇ ಇಲ್ಲ.

2021ರ ಸೆಪ್ಟೆಂಬರ್ 15ರಿಂದ 'ಬಿಎಚ್' ಸಂಖ್ಯೆ ಬಂದಿದೆ. ಸರಕಾರಿ, ರಕ್ಷಣಾ ನೌಕರರಿಗೂ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯುಳ್ಳ ಖಾಸಗಿ ಸಂಸ್ಥೆಗಳ ನೌಕರರಿಗೂ ಇದು ಲಭ್ಯ. ರಾಜ್ಯ ಬದಲಿಸಿದರೂ ಸಂಖ್ಯೆ ಬದಲಿಸಬೇಕಾಗಿಲ್ಲ. ಸಣ್ಣ ಅಂಗಡಿ, ಹೋಟೆಲುಗಳಲ್ಲಿ ದುಡಿಯುವ ನಮ್ಮವರಿಗೆ ಮಾತ್ರ ಈ ಸೌಲಭ್ಯವಿಲ್ಲ. ಹೆಚ್ಚು ಅಲೆದಾಡುವವರೂ, ತೆರಿಗೆ ಎರಡು ಬಾರಿ ಕಟ್ಟಲು ಕಷ್ಟಪಡುವವರೂ ಅವರೇ. ಒಂದೇ ದೇಶದ ಸಂಖ್ಯೆ ಎಂಬ ವಿಚಾರ ಅವರನ್ನೂ ಮುಟ್ಟಿದ ದಿನ 1914ರಲ್ಲಿ ಆರಂಭವಾದ ಕೆಲಸ ಪೂರ್ತಿಯಾದೀತು.

ಅಲ್ಲಿಯವರೆಗೆ ನಮ್ಮ ಸಂಘಗಳು ಹೊಸದಾಗಿ ಬಂದವರಿಗೆ ಬಾಡಿಗೆ ಮನೆ ತೋರಿಸುವಂತೆ ಈ ನಾಲ್ಕು ಮಾತುಗಳನ್ನೂ ತಿಳಿಸಿಕೊಟ್ಟರೆ ಒಳ್ಳೆಯದು. ಗಡಿ ದಾಟಿದರೆ ತೆರಿಗೆ ಬದಲಾದೀತು, ದಂಡ ಬದಲಾದೀತು. ಬಿದ್ದಾಗ ನೆಲಕ್ಕೆ ಬಡಿಯುವ ತಲೆ ಮಾತ್ರ ಎಲ್ಲ ರಾಜ್ಯಗಳಲ್ಲೂ ಒಂದೇ.