ಭೌತವಿಜ್ಞಾನದ ಪ್ರಯೋಗಪಾಠ: ಗ್ಲ್ಯಾಸ್ಗೋದಿಂದ ಜಾಲಹಳ್ಳಿಯವರೆಗೆ

ವಿದ್ಯಾರ್ಥಿಯು ಭೌತವಿಜ್ಞಾನವನ್ನು ತನ್ನ ಕೈಯಿಂದಲೇ ಕಲಿಯಬೇಕೆಂಬ ಪದ್ಧತಿ ಬಹಳ ಪ್ರಾಚೀನವಾದುದಲ್ಲ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಸಾಮಾನ್ಯವಾಗಿ ಅಧ್ಯಾಪಕರು ಪ್ರಯೋಗವನ್ನು ಮಾಡಿ ತೋರಿಸುತ್ತಿದ್ದರು, ವಿದ್ಯಾರ್ಥಿಗಳು ನೋಡುತ್ತಿದ್ದರು. 1850ರ ದಶಕದಲ್ಲಿ ಗ್ಲ್ಯಾಸ್ಗೋ ವಿಶ್ವವಿದ್ಯಾನಿಲಯದ ವಿಲಿಯಂ ಥಾಮ್ಸನ್ನರು ಹಳೆಯ ನೆಲಮಾಳಿಗೆಯೊಂದನ್ನು ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡು, ತಮ್ಮ ಸಂಶೋಧನೆಯ ಅಳತೆಗಳಲ್ಲಿ ವಿದ್ಯಾರ್ಥಿಗಳನ್ನು ತೊಡಗಿಸಿದರು. ಅಲ್ಲಿ ಬರಬೇಕಾದ ಉತ್ತರವು ಗುರುವಿಗೂ ತಿಳಿದಿರಲಿಲ್ಲ. 1880ರ ದಶಕದಲ್ಲಿ ಅಮೆರಿಕದ ಹಾರ್ವರ್ಡ್ 40 ಪ್ರಯೋಗಗಳ ಪಟ್ಟಿಯೊಂದನ್ನು ಪ್ರವೇಶಾರ್ಥಿಗಳಿಗಾಗಿ ಪ್ರಕಟಿಸಿತು. ಇಂತಹ ಪಟ್ಟಿಗಳಿಂದ ಪ್ರಯೋಗಪಾಠವು ಬಹುಜನರಿಗೆ ದೊರೆಯಿತು; ಆದರೆ ಉತ್ತರವು ಮೊದಲೇ ನಿಶ್ಚಿತವಾಯಿತು.

ನಮ್ಮ ಕಾಲೇಜುಗಳ ಪ್ರಥಮ ತರಗತಿಗಳಲ್ಲಿ ನೆಲೆನಿಂತುದು ಈ ಎರಡನೆಯ ಮಾದರಿಯೇ. ಇದರ ಪರಿಣಾಮಕ್ಕೆ ಸರಳ ಲೋಲಕವೇ ಸಾಕ್ಷಿ. ಗುರುತ್ವ ವೇಗೋತ್ಕರ್ಷವು 981 ಸೆಂಟಿಮೀಟರ್ ಎಂದು ಪುಸ್ತಕದಲ್ಲಿದೆ. ವಿದ್ಯಾರ್ಥಿಯು ತನ್ನ ಅಂಕಿಗಳನ್ನು ತಿದ್ದಿ ಅದಕ್ಕೆ ಹೊಂದಿಸುತ್ತಾನೆ. ಸಮಭಾಜಕ ವೃತ್ತಕ್ಕೆ ಸಮೀಪದಲ್ಲಿಯೂ ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿಯೂ ಇರುವ ಬೆಂಗಳೂರಿನಲ್ಲಿ ಅದರ ಬೆಲೆ ಸುಮಾರು 978 ಮಾತ್ರ. ಹೀಗೆ ತಿದ್ದಿದವನು ಪೂರ್ಣ ಅಂಕಗಳನ್ನು ಪಡೆಯಬಹುದು, ಆದರೆ ತನ್ನ ಊರಿನ ಸತ್ಯದಿಂದ ದೂರವಾಗುತ್ತಾನೆ.

ಬೆಂಗಳೂರಿನ ಹೊರವಲಯದಲ್ಲಿ ಇದಕ್ಕೆ ವಿರುದ್ಧವಾದ ಇನ್ನೊಂದು ಶಿಸ್ತು ಬೆಳೆಯಿತು. ಜಾಲಹಳ್ಳಿಯಲ್ಲಿ 1953ರಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪಿತವಾದವು. 1970ರ ದಶಕದಲ್ಲಿ ನೆರೆಯ ಪೀಣ್ಯದಲ್ಲಿ ಸಣ್ಣ ಕೈಗಾರಿಕೆಗಳ ವಸಾಹತು ಮೂಡಿತು. ಕಾಲೇಜಿನ ಸ್ಕ್ರೂಗೇಜೂ ಕಾರ್ಖಾನೆಯ ಮೈಕ್ರೋಮೀಟರೂ ತತ್ತ್ವದಲ್ಲಿ ಒಂದೇ. ಆದರೆ ಕಾರ್ಖಾನೆಯಲ್ಲಿ ಸುಳ್ಳು ಅಳತೆ ಬಹುಕಾಲ ಉಳಿಯದು. ಕಡೆದ ಭಾಗವು ತನ್ನ ಜೋಡಿಯಲ್ಲಿ ಕೂರುವುದಿಲ್ಲ.

ಅದೇ ಜಾಲಹಳ್ಳಿಯಲ್ಲಿ, ಈ ಶತಮಾನದಲ್ಲಿ, ಭಾರತೀಯ ವಿಜ್ಞಾನ ಅಕಾಡೆಮಿಯ ಆವರಣದಲ್ಲಿ ಕಾಲೇಜು ಅಧ್ಯಾಪಕರಿಗೆ ಪ್ರಾಯೋಗಿಕ ಭೌತವಿಜ್ಞಾನದ ಪುನಶ್ಚೇತನ ಶಿಬಿರಗಳು ನಡೆದುದನ್ನು ನಾವು ಗಮನಾರ್ಹವೆಂದು ಭಾವಿಸುತ್ತೇವೆ. ಇವುಗಳ ಪ್ರೇರಕರು ಮೈಸೂರಿನಲ್ಲಿ ನೆಲೆಸಿದ್ದ ಭೌತವಿಜ್ಞಾನಿ ಆರ್. ಶ್ರೀನಿವಾಸನ್. ಅಗ್ಗದ ಉಪಕರಣಗಳ ಪೆಟ್ಟಿಗೆಯೊಂದನ್ನು ರೂಪಿಸಿ, ಅದರಿಂದ ಹತ್ತಾರು ಪ್ರಯೋಗಗಳನ್ನು ಅಧ್ಯಾಪಕರ ಕೈಯಿಂದಲೇ ಮಾಡಿಸುವುದು ಅವರ ಕ್ರಮ. ತಾಮ್ರದ ಉಷ್ಣವಾಹಕತೆ ಮತ್ತು ವಿದ್ಯುದ್ವಾಹಕತೆಗಳನ್ನು ಅಳೆಯುವುದು ಅವುಗಳಲ್ಲೊಂದು. ದಪ್ಪ ತಾಮ್ರದ ಸಲಾಕೆಯ ರೋಧವು ಒಂದು ಓಮಿನ ಸಾವಿರದ ಒಂದಂಶಕ್ಕಿಂತಲೂ ಕಡಿಮೆಯಿರಬಹುದು; ಜೋಡಣೆಯ ತಂತಿಗಳ ರೋಧವೇ ಅದಕ್ಕಿಂತ ಹೆಚ್ಚು. ಆದುದರಿಂದ ಪ್ರವಾಹಕ್ಕೆ ಎರಡು ತಂತಿಗಳನ್ನೂ ವಿಭವಾಂತರಕ್ಕೆ ಬೇರೆ ಎರಡನ್ನೂ ಜೋಡಿಸಬೇಕು. ಸಲಾಕೆಯ ಮೈಯಿಂದ ಗಾಳಿಗೆ ಸೋರುವ ಶಾಖವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇಲ್ಲಿ ತೊಡಕುಗಳೇ ಪಾಠ. ಅವುಗಳನ್ನು ಎದುರಿಸದವನಿಗೆ ಅಂತಿಮ ಅಂಕಿ ನಿರರ್ಥಕ.

ಈ ಇತಿಹಾಸದಿಂದ ನಾವು ಗ್ರಹಿಸಬೇಕಾದುದು ಇಷ್ಟೆ. ಉಪಕರಣಗಳ ಅಭಾವಕ್ಕಿಂತ ಪರೀಕ್ಷೆಯ ರೀತಿಯೇ ನಮ್ಮ ಪ್ರಯೋಗಪಾಠಕ್ಕೆ ಹೆಚ್ಚಿನ ಹಾನಿ ಮಾಡಿದೆ. ಪುಸ್ತಕದ ಬೆಲೆಗೆ ಹೊಂದಿದ ಉತ್ತರಕ್ಕೆ ಅಂಕ ಕೊಡುವವರೆಗೆ ವಿದ್ಯಾರ್ಥಿಯು ಅಂಕಿಗಳನ್ನು ತಿದ್ದುತ್ತಲೇ ಇರುತ್ತಾನೆ. ಅಳೆದುದನ್ನು ಅಳೆದಂತೆಯೇ ಬರೆದು, ದೋಷದ ಪ್ರಮಾಣವನ್ನೂ ಕಾರಣವನ್ನೂ ವಿವರಿಸಿದವನಿಗೆ ಪೂರ್ಣ ಅಂಕ ಸಲ್ಲುವುದಾದರೆ, ಹಳೆಯ ಲೋಲಕವೊಂದೇ ಆತನಿಗೆ ಪ್ರಾಮಾಣಿಕತೆಯ ಪಾಠವಾದೀತು.