ಸಂತೃಪ್ತಿಯ ಪಾಠ ಯಾರಿಗೆ?

ಇದ್ದುದನ್ನೆಲ್ಲ ಮಾರಿ ಬಡವರಿಗೆ ಕೊಟ್ಟು ತನ್ನ ಹಿಂದೆ ಬರುವಂತೆ ಯೇಸು ಹೇಳಿದಾಗ, ಒಬ್ಬ ಸಿರಿವಂತ ಮುಖ ಬಾಡಿಸಿಕೊಂಡು ಹೊರಟುಹೋದ. ಐಶ್ವರ್ಯದ ಬಗ್ಗೆ ಕ್ರೈಸ್ತರು ಎರಡು ಸಾವಿರ ವರ್ಷ ನಡೆಸಿದ ವಾದದಲ್ಲಿ ಈ ಪ್ರಸಂಗ ಮತ್ತೆ ಮತ್ತೆ ಎದುರಾಗುತ್ತದೆ.

ಸಂತೃಪ್ತಿಯ ಮಾತನ್ನು ನೇರವಾಗಿ ಆಡಿದವನು ಪೌಲ. ಇದ್ದಾಗಲೂ ಇಲ್ಲದಾಗಲೂ ತೃಪ್ತನಾಗಿರಲು ಕಲಿತಿದ್ದೇನೆ ಎಂದು ಅವನು ಫಿಲಿಪ್ಪಿಯವರಿಗೆ ಬರೆದದ್ದು ಸೆರೆಯಲ್ಲಿದ್ದುಕೊಂಡು, ಅವರು ಕಳಿಸಿದ ನೆರವನ್ನು ನೆನೆಯುತ್ತ. ಅದು ಅವನು ತನ್ನ ಪಾಡಿನ ಬಗ್ಗೆ ಆಡಿದ ಮಾತು. ಅದನ್ನೇ ಮುಂದೆ ಉಳ್ಳವರು ಇಲ್ಲದವರಿಗೆ ಬೋಧಿಸತೊಡಗಿದರು.

ಸುಮಾರು ಕ್ರಿ.ಶ. 200ರ ಹೊತ್ತಿಗೆ ವ್ಯಾಪಾರದ ಪಟ್ಟಣವಾದ ಅಲೆಕ್ಸಾಂಡ್ರಿಯದ ಸಭೆಯಲ್ಲಿ ಹಣವಂತರೂ ಇದ್ದರು. ಅಲ್ಲಿನ ಬೋಧಕ ಕ್ಲೆಮೆಂಟ್ ಆ ಹಣವಂತರಿಗೊಂದು ದಾರಿ ತೋರಿಸಿದ: ಬಿಡಬೇಕಾದ್ದು ಆಸ್ತಿಯನ್ನಲ್ಲ, ಆಸ್ತಿಯ ಮೋಹವನ್ನು, ಎಲ್ಲರೂ ಬರಿಗೈಯಾದರೆ ಹಸಿದವರಿಗೆ ಉಣಬಡಿಸುವವರು ಯಾರು? ತರ್ಕವೇನೋ ಸರಿ. ಆದರೆ ಮೋಹ ಬಿಟ್ಟಿದ್ದೇನೆ ಎನ್ನುವವನ ತಿಜೋರಿಯನ್ನು ನೋಡಿದವರುಂಟೆ? ಅದೇ ಈಜಿಪ್ಟಿನಲ್ಲಿ ಮುಂದೆ ಆಂಟನಿ ಎಂಬ ಯುವಕ ಸಿರಿವಂತನ ಅದೇ ಪ್ರಸಂಗವನ್ನು ಕೇಳಿ, ಜಮೀನು ಕೊಟ್ಟುಬಿಟ್ಟು ವಿರಕ್ತನಾದ.

ಪಾದ್ರಿ ಬಾಸಿಲ್‌ನ ಬಗೆ ಬೇರೆ. 369ರ ಸುಮಾರಿಗೆ ಕಪ್ಪದೋಕಿಯದಲ್ಲಿ ಕ್ಷಾಮ ಬಿದ್ದು ವರ್ತಕರು ದವಸವನ್ನು ಬಚ್ಚಿಟ್ಟು ದರ ಏರಿಸುತ್ತಿದ್ದಾಗ, ಅವನು ಪ್ರವಚನದಲ್ಲಿ ಕಣಜದ ಲೆಕ್ಕವನ್ನೇ ತೆಗೆದ. ಕೂಡಿಟ್ಟ ರೊಟ್ಟಿ ಹಸಿದವನದು, ಪೆಟ್ಟಿಗೆಯೊಳಗಿನ ಬಟ್ಟೆ ಬೆತ್ತಲಿದ್ದವನದು ಎಂಬುದು ಅವನ ವಾದ. ಅವನ ಪಾಲಿಗೆ ಕೊಡುವುದು ದಾನವಲ್ಲ, ಬಾಕಿ ತೀರಿಸುವುದು. ಮುಂದೆ ಬಿಷಪ್ ಆಗಿ ಊರಾಚೆ ರೋಗಿಗಳಿಗೂ ಬಡವರಿಗೂ ಆಶ್ರಯ ಕಟ್ಟಿಸಿದ. ಈ ಇಡೀ ಪರಂಪರೆಯಲ್ಲಿ ಅವನಷ್ಟು ನಿಷ್ಠುರವಾಗಿ ಮಾತಾಡಿದವರು ಕಡಿಮೆ.

ಮಧ್ಯಯುಗದಲ್ಲಿ ಅಸ್ಸೀಸಿಯ ಫ್ರಾನ್ಸಿಸ್ ಬಡತನವನ್ನೇ ವರಿಸಿದ. ಅವನು ತೀರಿಕೊಂಡು ನೂರು ವರ್ಷವೂ ಆಗುವ ಮೊದಲೇ, 1323ರಲ್ಲಿ, ಯೇಸುವಿಗೂ ಶಿಷ್ಯರಿಗೂ ಸ್ವಂತದ್ದೇನೂ ಇರಲಿಲ್ಲ ಎಂದು ಅವನ ಅನುಯಾಯಿಗಳಂತೆ ಹಟ ಹಿಡಿಯುವುದೇ ಪಾಷಂಡವೆಂದು ಪೋಪ್ 22ನೆಯ ಜಾನ್ ಸಾರಿದ!

ಪ್ರಾಟೆಸ್ಟೆಂಟರಲ್ಲಿ ಮೆಥಡಿಸ್ಟ್ ಬೋಧಕ ಜಾನ್ ವೆಸ್ಲಿಯ ಲೆಕ್ಕ ಸ್ವಾರಸ್ಯಕರ. ಆಕ್ಸ್‌ಫರ್ಡಿನ ಒಬ್ಬನಿಗೆ ವರ್ಷಕ್ಕೆ 30 ಪೌಂಡು ಬರುತ್ತಿದ್ದಾಗ 28ರಲ್ಲಿ ಬದುಕಿ ಎರಡನ್ನು ಕೊಟ್ಟ. ವರಮಾನ 60ಕ್ಕೇರಿದಾಗಲೂ 28ರಲ್ಲೇ ಬದುಕಿ 32 ಕೊಟ್ಟ ಎಂದು ಅವನು ಪ್ರವಚನದಲ್ಲಿ ಹೇಳುತ್ತಾನೆ. ಆ ಒಬ್ಬ ವೆಸ್ಲಿಯೇ ಎಂಬುದು ಸಾಮಾನ್ಯ ನಂಬಿಕೆ. ಗಳಿಸಿ, ಉಳಿಸಿ, ಕೊಡಿ ಎಂದ ಅವನಿಗೆ, ಅನುಯಾಯಿಗಳು ಮೊದಲೆರಡನ್ನು ಪಾಲಿಸಿ ಮೂರನೆಯದನ್ನು ಮರೆತರೆಂಬ ಕೊರಗು ಮುಪ್ಪಿನಲ್ಲಿ ಕಾಡಿತು. ಶ್ರದ್ಧೆ ದುಡಿಮೆಯನ್ನು, ದುಡಿಮೆ ಸಿರಿಯನ್ನು ತರುತ್ತದೆ, ಸಿರಿ ಶ್ರದ್ಧೆಯನ್ನೇ ತಿನ್ನುತ್ತದೆ ಎಂಬ ಅವನ ಆತಂಕವನ್ನು ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್, ಪ್ರಾಟೆಸ್ಟೆಂಟ್ ಶ್ರದ್ಧೆಗೂ ಬಂಡವಾಳಶಾಹಿಗೂ ನಂಟಿದೆಯೆಂಬ ತನ್ನ ಸಿದ್ಧಾಂತಕ್ಕೆ ಬಳಸಿಕೊಂಡ.

ಇತ್ತ ನಮ್ಮಲ್ಲಿ, 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಪಾದ್ರಿಗಳಿಗೆ ಉಪದೇಶದ ಜೊತೆಗೇ ಊಟದ ಪ್ರಶ್ನೆ ಎದುರಾಯಿತು. ಮತಾಂತರವಾದವರಲ್ಲಿ ಹಲವರು ನಂಟರನ್ನೂ ಕಸುಬನ್ನೂ ಕಳಕೊಂಡಿದ್ದರು. ಅವರಿಗೆ ತೃಪ್ತಿಯ ಪಾಠ ಹೇಳಿದರಷ್ಟೇ ಸಾಲದೆಂದು ಮಗ್ಗ ಹಾಕಿದರು, 1865ರಲ್ಲಿ ಹಂಚಿನ ಕಾರ್ಖಾನೆ ತೆರೆದರು. ಸರಳ ಬಾಳನ್ನು ಬೋಧಿಸುವವರೇ ಲಾಭನಷ್ಟದ ಖಾತೆ ಬರೆಯಬೇಕಾಯಿತು. ನನಗದು ತಪ್ಪೆನಿಸುವುದಿಲ್ಲ.

ಪೋಪ್ 13ನೆಯ ಲಿಯೋ 1891ರಲ್ಲಿ ನ್ಯಾಯವಾದ ಕೂಲಿಯನ್ನು ಸಭೆಯ ಬೋಧನೆಯಾಗಿಸಿದ. 1971ರಲ್ಲಿ ಪೆರುವಿನ ಪಾದ್ರಿ ಗುಸ್ತಾವೊ ಗುಟಿಯೆರೆಸ್ ಪುಸ್ತಕ ಬರೆದು ಬಡತನದ ಬೇರನ್ನೇ ಕೆದಕಿದರು. ಅತ್ತ ಅಮೆರಿಕದಲ್ಲಿ ಹಣವೇ ದೇವರ ಆಶೀರ್ವಾದದ ಗುರುತೆನ್ನುವ ಬೋಧಕರು ಎದ್ದರು. ಅವರ ವಾದ ಸುಳ್ಳು, ಸಂಶಯವಿಲ್ಲ. ಆದರೆ ಬಡವರು ಅದಕ್ಕೆ ಮುಗಿಬೀಳುವುದನ್ನು ಕಂಡು ಹಳೆಯ ಸಭೆಗಳು ನಗಬಾರದು. ಬರಿಯ ಸಂತೃಪ್ತಿಯ ಉಪದೇಶವನ್ನಷ್ಟೇ ಕೇಳಿ ಬೇಸತ್ತವರೂ ಅವರಲ್ಲಿದ್ದಾರೆ. ಅವರಿಗೆ ಬುದ್ಧಿ ಹೇಳಹೊರಡುವ ಸಭೆಗಳು ಮೊದಲು ತಮ್ಮ ಆಸ್ತಿಯ ಜಮಾಖರ್ಚನ್ನು ಜನರ ಮುಂದಿಡಲಿ.