ಬರಿಗೈಲಿ ಬಂದು ಒಲಿಂಪಿಕ್ಸ್ ಪದಕ ಗೆದ್ದರೇ? ಏರ್ ಪಿಸ್ತೂಲ್ ಕಲಿಯುವ ಮುನ್ನ ತಿಳಿಯಬೇಕಾದ್ದು

ಒಂದು ಕೈ ಜೇಬಿನಲ್ಲಿ, ಇನ್ನೊಂದರಲ್ಲಿ ಪಿಸ್ತೂಲ್, ಮೈಮೇಲೆ ಸಾದಾ ಟೀ ಶರ್ಟ್. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ತೆಗೆದ ಟರ್ಕಿಯ ಯೂಸುಫ್ ಡಿಕೆಚ್ ಅವರ ಈ ಫೋಟೊ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಜೊತೆಗಿದ್ದ ಬರಹದ ಸಾರ ಇಷ್ಟೇ: ತರಬೇತಿ ಇಲ್ಲ, ಸಲಕರಣೆ ಇಲ್ಲ, ಸುಮ್ಮನೆ ಬಂದು ಬೆಳ್ಳಿ ಗೆದ್ದುಕೊಂಡು ಹೋದ. ಅದನ್ನು ನೋಡಿ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಏರ್ ಪಿಸ್ತೂಲ್ ಆರ್ಡರ್ ಮಾಡಲು ಹೊರಟಿದ್ದರೆ ಸ್ವಲ್ಪ ತಡೆಯಿರಿ.

ಬೆಳ್ಳಿ ಗೆದ್ದದ್ದು ನಿಜ. ಆದರೆ ಒಬ್ಬರೇ ಅಲ್ಲ, 10 ಮೀಟರ್ ಏರ್ ಪಿಸ್ತೂಲ್ ಮಿಶ್ರ ತಂಡದ ಸ್ಪರ್ಧೆಯಲ್ಲಿ ಜೊತೆಗಾರ್ತಿಯೊಂದಿಗೆ. ಅದೇ ಸ್ಪರ್ಧೆಯಲ್ಲಿ ನಮ್ಮ ಮನು ಭಾಕರ್ ಮತ್ತು ಸರಬ್ಜೋತ್ ಸಿಂಗ್ ಕಂಚು ಗೆದ್ದರು. ‘ತರಬೇತಿ ಇಲ್ಲ’ ಎನ್ನುವುದಂತೂ ಶುದ್ಧ ಸುಳ್ಳು. ಡಿಕೆಚ್ 2008ರಿಂದ ಒಲಿಂಪಿಕ್ಸ್ ಆಡುತ್ತಿದ್ದಾರೆ, ಪ್ಯಾರಿಸ್ ಅವರಿಗೆ ಐದನೆಯದು. ಕಿವಿಯಲ್ಲಿ ಇಯರ್‌ಪ್ಲಗ್ ಇತ್ತು, ಕಣ್ಣಿಗೆ ಕನ್ನಡಕವೂ ಇತ್ತು. ಬೇರೆಯವರು ಒಂದು ಕಣ್ಣಿಗೆ ಕಟ್ಟಿಕೊಳ್ಳುವ ಸಣ್ಣ ಪರದೆ ಮಾತ್ರ ಇರಲಿಲ್ಲ, ಏಕೆಂದರೆ ಅವರು ಎರಡೂ ಕಣ್ಣು ತೆರೆದೇ ಗುರಿ ಇಡುತ್ತಾರೆ. ಆ ಪರದೆ ಕಡ್ಡಾಯವೂ ಅಲ್ಲ. ಇನ್ನು ಬಿಗಿಯಾದ ದಪ್ಪ ಜಾಕೆಟ್ ರೈಫಲ್ ಶೂಟರ್‌ಗಳದ್ದು, ಪಿಸ್ತೂಲಿನವರಿಗೆ ಅದು ಇಲ್ಲವೇ ಇಲ್ಲ. ಜೇಬಿನಲ್ಲಿ ಕೈ ಇಡುವುದು ಸ್ಟೈಲ್ ಅಲ್ಲ, ಖಾಲಿ ಕೈ ಅಲುಗಾಡಿ ಮೈಯ ಸಮತೋಲ ಕೆಡದಿರಲಿ ಎಂದು.

ಕೈ ನಡುಗುವವರಿಗೆ ಈ ಆಟ ಆಗದೇ?

ನಮ್ಮನ್ನು ಹೆಚ್ಚು ಜನ ಕೇಳುವ ಪ್ರಶ್ನೆ ಇದು. ಕೈ ಎಲ್ಲರದ್ದೂ ಅಲುಗುತ್ತದೆ, ಪದಕ ಗೆದ್ದವರದ್ದೂ. ಆದರೆ ಅಲುಗಾಟದಲ್ಲಿ ಎರಡು ಬಗೆ. ಇಡೀ ಪಿಸ್ತೂಲ್ ಹಾಗೇ 1 ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಗುರಿಯಲ್ಲೂ 1 ಮಿಲಿಮೀಟರ್ ಮಾತ್ರ ವ್ಯತ್ಯಾಸ. ಆದರೆ ಹಿಂದಿನ ಸೈಟ್‌ನ ಸೀಳಿಗೂ ಮುಂದಿನ ಸೈಟ್‌ನ ಗೂಟಕ್ಕೂ ಹೊಂದಾಣಿಕೆ 1 ಮಿಲಿಮೀಟರ್ ತಪ್ಪಿತು ಎನ್ನಿ. ಅವೆರಡರ ನಡುವೆ ಇರುವುದು ಸುಮಾರು 33 ಸೆಂಟಿಮೀಟರ್, ಗುರಿ ಇರುವುದು 10 ಮೀಟರ್ ದೂರದಲ್ಲಿ. ಹಾಗಾಗಿ ತಪ್ಪು ಸುಮಾರು 30 ಪಟ್ಟು ಬೆಳೆದು, ಪೆಲೆಟ್ 3 ಸೆಂಟಿಮೀಟರ್ ಆಚೆ ಬೀಳುತ್ತದೆ. 10 ಅಂಕದ ವೃತ್ತದ ಅಗಲ 11.5 ಮಿಲಿಮೀಟರ್, ಅಂದರೆ ಒಂದು ರೂಪಾಯಿ ನಾಣ್ಯದ ಅರ್ಧದಷ್ಟು. ಮೊದಲ ತಪ್ಪಿಗೆ 10 ಅಂಕ ಬರಬಹುದು, ಎರಡನೆಯದಕ್ಕೆ 7ರ ಸುತ್ತಮುತ್ತ.

ಅದಕ್ಕೇ ಕೋಚ್‌ಗಳು ‘ಗುರಿ ನೋಡಬೇಡ, ಮುಂದಿನ ಸೈಟ್ ನೋಡು’ ಎನ್ನುತ್ತಾರೆ. ಕಣ್ಣು ಒಮ್ಮೆಗೆ ಒಂದೇ ದೂರವನ್ನು ಸ್ಪಷ್ಟವಾಗಿ ಕಾಣಬಲ್ಲದು. ಗೂಟ ಚೂಪಾಗಿ ಕಾಣಬೇಕು, ಗುರಿ ಮಸುಕಾಗಿದ್ದರೂ ಪರವಾಗಿಲ್ಲ. ಚಾಳೀಸು ಬಂದವರಿಗೆ ಈ ಗೂಟವೇ ಮಸುಕಾಗುತ್ತದೆ. ಕಣ್ಣಿನ ವೈದ್ಯರಿಗೆ ಆ ದೂರ ಅಳೆದು ಹೇಳಿದರೆ ಸರಿಯಾದ ಲೆನ್ಸ್ ಬರೆದುಕೊಡುತ್ತಾರೆ.

ಇನ್ನೊಂದು ಟ್ರಿಗರ್. 10 ಮೀಟರ್ ಸ್ಪರ್ಧೆಯಲ್ಲಿ ಅದನ್ನು ಎಳೆಯಲು ಕನಿಷ್ಠ 500 ಗ್ರಾಂ ಒತ್ತಡ ಬೇಕಿರಬೇಕು ಎಂಬುದು ನಿಯಮ. ತಟ್ಟನೆ ಎಳೆದರೆ ಮಣಿಕಟ್ಟು ತಿರುಗಿ ಸೈಟ್ ಕದಡುತ್ತದೆ. ಹೀಗಾಗಿ ಶುರುವಿನಲ್ಲಿ ಪೆಲೆಟ್ಟೇ ಹಾಕದೆ, ಬಿಳಿ ಗೋಡೆಯ ಎದುರು ನಿಂತು ಟ್ರಿಗರ್ ಒತ್ತುವ ಅಭ್ಯಾಸ ಮಾಡಿಸುತ್ತಾರೆ. ಬೇಸರದ ಕೆಲಸವೇ ಸರಿ, ಆದರೆ ದೊಡ್ಡ ಆಟಗಾರರೂ ಅದನ್ನು ಬಿಟ್ಟಿಲ್ಲ.

ವಯಸ್ಸಿನ ಮಾತು ಬಂದರೆ ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರನ್ನು ನೆನೆಯಬೇಕು. 2016ರ ರಿಯೊ ಒಲಿಂಪಿಕ್ಸ್‌ನ 50 ಮೀಟರ್ ಪಿಸ್ತೂಲ್ ಸ್ಪರ್ಧೆಗೆ ಇಳಿದಾಗ ಅವರಿಗೆ 40 ವರ್ಷ.

‘ಲೈಸೆನ್ಸ್ ಬೇಡ, ಆಟಿಕೆ ಇದ್ದ ಹಾಗೆ’ ಎನ್ನುವ ಫಾರ್ವರ್ಡ್

ಅರ್ಧ ನಿಜ, ಅರ್ಧ ಅಪಾಯ. ಒಳವ್ಯಾಸ 0.177 ಇಂಚು, ಅಂದರೆ 4.5 ಮಿಲಿಮೀಟರ್ ಮೀರದ ಮತ್ತು ಶಕ್ತಿ 20 ಜೂಲ್ ದಾಟದ ಏರ್‌ಗನ್‌ಗಳಿಗೆ 2016ರ ಶಸ್ತ್ರಾಸ್ತ್ರ ನಿಯಮಗಳಡಿ ಲೈಸೆನ್ಸ್ ಬೇಕಿಲ್ಲ. ಮದ್ದು ಸಿಡಿಯುವ .22 ಪಿಸ್ತೂಲಿಗೆ ಬೇಕೇ ಬೇಕು. ಆದರೆ ಸ್ಪರ್ಧೆಯ ಏರ್ ಪಿಸ್ತೂಲಿನ ಪೆಲೆಟ್ ಕೂಡ ಸೆಕೆಂಡಿಗೆ ಸುಮಾರು 150 ಮೀಟರ್ ವೇಗದಲ್ಲಿ ಹೊರಡುತ್ತದೆ. ಕಣ್ಣಿಗೆ ತಗುಲಿದರೆ ದೃಷ್ಟಿಯೇ ಹೋಗಬಹುದು. ಮಹಡಿ ಮೇಲೆ ಡಬ್ಬಿ ಜೋಡಿಸಿ ಹೊಡೆಯುವುದು, ಮಕ್ಕಳು ಒಬ್ಬರ ಕಡೆಗೊಬ್ಬರು ಹಿಡಿದು ಸೆಲ್ಫಿ ತೆಗೆಯುವುದು, ಇವು ಯಾವುವೂ ಬೇಡ. ರೇಂಜ್‌ನಲ್ಲಿ ಪಿಸ್ತೂಲಿನ ಬಾಯಿ ಯಾವಾಗಲೂ ಗುರಿಯ ಕಡೆಗೇ ಇರಬೇಕು, ಹೊಡೆಯುವ ಕ್ಷಣದವರೆಗೆ ಬೆರಳು ಟ್ರಿಗರ್‌ನಿಂದ ಹೊರಗಿರಬೇಕು. ಖಾಲಿ ಇದೆ ಎಂದು ತೋರಿಸಲು ನಳಿಗೆಯಲ್ಲಿ ಬಣ್ಣದ ದಾರ ಸಿಕ್ಕಿಸಿಡುತ್ತಾರೆ. ಇನ್ನೊಂದು ವಿಷಯ ಯಾವ ಫಾರ್ವರ್ಡ್‌ನಲ್ಲೂ ಬರುವುದಿಲ್ಲ: ಪೆಲೆಟ್ ಸಾಮಾನ್ಯವಾಗಿ ಸೀಸದ್ದು. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಬಿಸ್ಕತ್ತು, ಚಹಾ ಮುಟ್ಟಬೇಡಿ.

ಶುರು ಎಲ್ಲಿಂದ?

ಪಿಸ್ತೂಲ್ ಕೊಳ್ಳುವುದರಿಂದ ಖಂಡಿತ ಅಲ್ಲ. ಸ್ಪರ್ಧೆಗೆ ಬಳಸುವ ವಿದೇಶಿ ಪಿಸ್ತೂಲಿನ ಬೆಲೆ ಲಕ್ಷ ರೂಪಾಯಿ ದಾಟುತ್ತದೆ, ಹಿಡಿಕೆ ನಿಮ್ಮ ಅಂಗೈ ಅಳತೆಗೆ ಕೂರದಿದ್ದರೆ ಅಷ್ಟು ಕೊಟ್ಟೂ ಪ್ರಯೋಜನ ಕಡಿಮೆ. ಮೊದಲ ಕೆಲವು ತಿಂಗಳು ಕ್ಲಬ್ಬಿನ ಪಿಸ್ತೂಲೇ ಸಾಕು ಎಂಬುದು ನಮ್ಮ ಅಭಿಪ್ರಾಯ. ದೇಶದಲ್ಲಿ ಈ ಆಟವನ್ನು ನಡೆಸುವುದು ರಾಷ್ಟ್ರೀಯ ರೈಫಲ್ ಸಂಸ್ಥೆ, ನಮ್ಮಲ್ಲಿ ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆ ಇದೆ. ಹತ್ತಿರದ ಕ್ಲಬ್ಬಿಗೆ ಫೋನ್ ಮಾಡಿದಾಗ ನಾಲ್ಕು ವಿಷಯ ಕೇಳಿಕೊಳ್ಳಿ: ರಾಜ್ಯ ಸಂಸ್ಥೆಯ ಮಾನ್ಯತೆ ಇದೆಯೇ, ಅಭ್ಯಾಸಕ್ಕೆ ಪಿಸ್ತೂಲ್ ಕೊಡುತ್ತಾರೆಯೇ, ಪೆಲೆಟ್ ದುಡ್ಡು ಫೀಸಿನಲ್ಲೇ ಸೇರಿದೆಯೇ, ಹೊಸಬರು ಹೊಡೆಯುವಾಗ ಪಕ್ಕದಲ್ಲಿ ಕೋಚ್ ನಿಂತಿರುತ್ತಾರೆಯೇ. ಕೊನೆಯದಕ್ಕೆ ‘ಇಲ್ಲ’ ಎಂದರೆ ಬೇರೆ ಕ್ಲಬ್ ಹುಡುಕಿ.